ವಿಮಾನದಲ್ಲಿ ಮದ್ಯ ಸುರಿಯುವುದು ಯಾರ ಕೆಲಸ?

ತೆರೆಯ ಮೇಲೆ ಈಗ ಕಾಣುತ್ತಿರುವುದು ವಿಮಾನದಲ್ಲಿ ಕೊಡುವ ವಿಸ್ಕಿಯ ಪುಟ್ಟ ಬಾಟಲಿ. ಅಂಗೈಯಲ್ಲಿ ಹಿಡಿದು ಬೆರಳು ಮಡಚಿದರೆ ಮುಚ್ಚಳ ಮಾತ್ರ ಹೊರಗೆ ಕಾಣುತ್ತದೆ. ನೋಡಲು ಆಟಿಕೆಯಂತಿದೆ, ಹಾಗಾಗಿ ಇದಕ್ಕೆ ಯಾರೂ ಹೆದರುವುದಿಲ್ಲ. ಕ್ಯಾಮೆರಾವನ್ನು ಸ್ವಲ್ಪ ಹತ್ತಿರ ತರುತ್ತೇನೆ, ಚೀಟಿ ಓದಿ. 50 ಮಿಲಿಲೀಟರ್, ಶೇಕಡ 40 ಆಲ್ಕೋಹಾಲ್. ಅಂದರೆ ಒಳಗಿರುವ ಶುದ್ಧ ಆಲ್ಕೋಹಾಲ್ 20 ಮಿಲಿಲೀಟರ್, ತೂಕದಲ್ಲಿ ಹೆಚ್ಚುಕಡಿಮೆ 16 ಗ್ರಾಂ. ಬ್ರಿಟನ್ನಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಇದು ಎರಡು ಯೂನಿಟ್. ಇಡೀ ವಾರಕ್ಕೆ ಸೇರಿ 14 ಯೂನಿಟ್ ದಾಟಬೇಡಿ ಎನ್ನುವುದು ಅದೇ ಇಲಾಖೆಯ ಸಲಹೆ. ಇಂಥ ಮೂರು ಬಾಟಲಿ ಮುಗಿಸಿದವರು, ಅಂದರೆ ಒಂದೇ ಕೂತಲ್ಲಿ ವಾರದ ಪಾಲಿನ ಅರ್ಧದಷ್ಟನ್ನು ಹತ್ತಿರಹತ್ತಿರ ಮುಗಿಸಿದವರು, "ಮೂರು ಚಿಕ್ಕದು ಕುಡಿದೆ ಅಷ್ಟೆ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಬಾಟಲಿಯ ಗಾತ್ರವೇ ಹಾಗೆ ಹೇಳಿಸುತ್ತದೆ.

ಇವತ್ತಿನ ವಿಷಯ ಇದೇ. ವಿಮಾನದಲ್ಲಿ ಪ್ರಯಾಣಿಕರಿಗೆ ಮದ್ಯ ಕೊಡಬೇಕೇ? ನಾನು ಅಡ್ಡಗೋಡೆಯ ಮೇಲೆ ದೀಪ ಇಡುವವನಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಈಗ ಕೊಡುತ್ತಿರುವ ರೀತಿಯಲ್ಲಿ ಕೊಡಬಾರದು. ಪೂರ್ತಿ ನಿಷೇಧಿಸಬೇಕೇ ಎಂದರೆ ಅದಕ್ಕೆ ನನ್ನ ಉತ್ತರ ಬೇರೆ. ಅಲ್ಲಿಗೆ ಬರುವ ಮುನ್ನ ದೇಹದ ಕತೆ ಕೇಳಿ.

ವಿಮಾನ 35,000 ಅಡಿ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ನೆಲದ ಮಟ್ಟದಲ್ಲಿ ಇಟ್ಟಿರುವುದಿಲ್ಲ. 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಒತ್ತಡ ಅದು. ಆರೋಗ್ಯವಂತರಿಗೆ ಇದು ತಿಳಿಯುವುದೇ ಇಲ್ಲ, ಆದರೆ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಸದ್ದಿಲ್ಲದೆ ಇಳಿದಿರುತ್ತದೆ. ಗಾಳಿಯ ತೇವಾಂಶವೂ ಬಹಳ ಕಡಿಮೆ, ದೂರದ ಹಾರಾಟದಲ್ಲಿ ಅನೇಕ ಸಲ ಶೇಕಡ 20ಕ್ಕಿಂತ ಕೆಳಗೆ. "ಮೇಲೆ ಒಂದು ಪೆಗ್ಗು ಕೆಳಗಿನ ಎರಡಕ್ಕೆ ಸಮ" ಎಂಬ ಮಾತನ್ನು ನೀವು ಕೇಳಿರಬಹುದು. ರಕ್ತದಲ್ಲಿನ ಆಲ್ಕೋಹಾಲ್ ಪ್ರಮಾಣವೇನೂ ಎತ್ತರದಿಂದಾಗಿ ಇಮ್ಮಡಿಯಾಗುವುದಿಲ್ಲ. ಆಗುವುದು ಬೇರೆ: ಆಮ್ಲಜನಕದ ಕೊರತೆಯ ಮಂಪರಿನ ಮೇಲೆ ಮದ್ಯದ ಮಂಪರು ಬಂದು ಕೂರುತ್ತದೆ.

2024ರಲ್ಲಿ ಜರ್ಮನಿಯ ಬಾಹ್ಯಾಕಾಶ ಸಂಶೋಧನಾ ಕೇಂದ್ರದ ತಂಡವೊಂದು ಇದನ್ನು ಅಳೆದು ನೋಡಿ ಥೊರ್ಯಾಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿತು. 48 ಮಂದಿ, ಎಲ್ಲರೂ 18ರಿಂದ 40 ವರ್ಷದ ಆರೋಗ್ಯವಂತರು. ಕೆಲವರನ್ನು ಸಾಮಾನ್ಯ ಕೋಣೆಯಲ್ಲಿ, ಕೆಲವರನ್ನು ವಿಮಾನದೊಳಗಿನಷ್ಟೇ ಒತ್ತಡ ಇರುವ ಕೋಣೆಯಲ್ಲಿ ಮಲಗಿಸಿದರು. ಒಂದು ರಾತ್ರಿ ಮದ್ಯವಿಲ್ಲದೆ, ಇನ್ನೊಂದು ರಾತ್ರಿ ಎರಡು ಕ್ಯಾನ್ ಬಿಯರ್‌ಗೆ ಸಮನಾದ ಮದ್ಯ ಕುಡಿಸಿ. ನೆಲಮಟ್ಟದಲ್ಲಿ ಕುಡಿಯದೆ ಮಲಗಿದವರ ರಕ್ತದಲ್ಲಿ ಆಮ್ಲಜನಕ ಶೇಕಡ 96ರ ಸುಮಾರಿಗೆ ಇತ್ತು, ಹೃದಯ ನಿಮಿಷಕ್ಕೆ 64 ಸಲ ಬಡಿಯುತ್ತಿತ್ತು. ವಿಮಾನದ ಒತ್ತಡದಲ್ಲಿ ಕುಡಿದು ಮಲಗಿದವರಲ್ಲಿ ಆಮ್ಲಜನಕ ಶೇಕಡ 85ಕ್ಕೆ ಇಳಿದಿತ್ತು, ಬಡಿತ 88ಕ್ಕೆ ಏರಿತ್ತು. ನಿದ್ದೆಯಲ್ಲಿ! ಇವರು ಯುವಕರು, ಗಟ್ಟಿಮುಟ್ಟಾದವರು. ಹೃದಯದ ತೊಂದರೆಯೋ ಶ್ವಾಸಕೋಶದ ತೊಂದರೆಯೋ ಇರುವ 65 ವರ್ಷದವರು ಊಟದ ಜೊತೆ ಎರಡು ಲೋಟ ವೈನ್ ಕುಡಿದು, ಕಂಬಳಿ ಹೊದ್ದು ಮಲಗಿದರೆ ಏನಾಗಬಹುದು? "ಎಷ್ಟು ಚೆನ್ನಾಗಿ ನಿದ್ದೆ ಹತ್ತಿದೆ" ಎಂದುಕೊಂಡು ಪಕ್ಕದವರು ದೀಪ ಆರಿಸುತ್ತಾರೆ.

ಆರೋಗ್ಯ ಅವರವರ ಪಾಡು ಎನ್ನುವವರಿದ್ದಾರೆ. ಸರಿ, ಹಾಗೇ ಇಟ್ಟುಕೊಳ್ಳೋಣ. ಉಳಿದವರ ಪಾಡೇನು?

ಈ ದೃಶ್ಯದಲ್ಲಿ ಯಾರ ಮುಖವನ್ನೂ ತೋರಿಸುತ್ತಿಲ್ಲ, ತೋರಿಸುವುದೂ ಇಲ್ಲ. ರಾತ್ರಿಯ ಹಾರಾಟ, ದೀಪಗಳು ಮಂಕಾಗಿವೆ. ಎದುರಿನ ಸಾಲಿನಲ್ಲಿ ಕರೆಗುಂಡಿಯ ದೀಪ ಮತ್ತೆ ಹೊತ್ತಿಕೊಂಡಿದೆ. ಅಲ್ಲಿ ಕುಳಿತಿದ್ದವರು ಜಗಳಗಂಟರಲ್ಲ, ಒಳ್ಳೆಯ ಮಾತುಗಾರರು. ದನಿ ಮಾತ್ರ ಸ್ವಲ್ಪಸ್ವಲ್ಪವೇ ಏರುತ್ತಿತ್ತು. ಗಗನಸಖಿ ಬಂದರು, ಬಾಗಿ ಮಂಡಿಯೂರಿ ಕುಳಿತರು, ಅವರ ಕಣ್ಣಿನ ಮಟ್ಟಕ್ಕೆ. ಕೈಯಲ್ಲಿ ದೊಡ್ಡ ಲೋಟದ ತುಂಬ ನೀರು. "ಸರ್, ಮೊದಲು ಇದನ್ನು ಕುಡಿಯಿರಿ, ಆಮೇಲೆ ನೋಡೋಣ" ಎಂದರು. ಹತ್ತು ನಿಮಿಷವಾಯಿತು, ಮತ್ತೆ ದೀಪ. ಈ ಸಲ ಬೇರೊಬ್ಬ ಸಿಬ್ಬಂದಿ, ಈ ಸಲ ತಿನಿಸು. ಅದಾದ ಮೇಲೆ "ಟ್ರಾಲಿಯಲ್ಲಿ ಮುಗಿದಿದೆ" ಎಂಬ ಉತ್ತರ. ಮುಗಿದಿರಲಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. "ನಾನೇನು ಪುಕ್ಕಟೆ ಬಂದಿದ್ದೇನೆಯೇ?" ಎಂದು ಅವರು ಕೇಳಿದಾಗ ಸುತ್ತಲಿನ ಮೂರು ಸಾಲುಗಳಿಗೆ ಎಚ್ಚರವಾಯಿತು. ದೊಡ್ಡ ಗಲಾಟೆಯೇನೂ ಆಗಲಿಲ್ಲ. ಆದರೆ ಆ ಒಂದು ಗಂಟೆ ಇಬ್ಬರು ಸಿಬ್ಬಂದಿಯ ಗಮನವೆಲ್ಲ ಒಬ್ಬ ಮನುಷ್ಯನ ಲೋಟದ ಮೇಲೆಯೇ ಇತ್ತು.

ಆ ಇಬ್ಬರು ವಿಮಾನದಲ್ಲಿ ಇರುವುದು ಯಾತಕ್ಕೆ? 50 ಸೀಟುಗಳಿಗೆ ಕನಿಷ್ಠ ಒಬ್ಬ ಕ್ಯಾಬಿನ್ ಸಿಬ್ಬಂದಿ ಇರಲೇಬೇಕು ಎಂಬ ನಿಯಮ ಬಹಳ ದೇಶಗಳಲ್ಲಿದೆ. ಆ ನಿಯಮವನ್ನು ಬರೆದಿರುವುದು ಊಟ ಬಡಿಸುವುದಕ್ಕಲ್ಲ, ಬೆಂಕಿ ಬಿದ್ದರೆ ಬಾಗಿಲು ತೆಗೆದು ಜನರನ್ನು ಹೊರಗೆ ಕಳಿಸುವುದಕ್ಕೆ. ಹೊಸ ಮಾದರಿಯ ದೊಡ್ಡ ವಿಮಾನಕ್ಕೆ ಅನುಮತಿ ಸಿಗಬೇಕಾದರೆ, ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ 90 ಸೆಕೆಂಡಿನೊಳಗೆ ಎಲ್ಲರೂ ಹೊರಬರಬಹುದು ಎಂದು ತೋರಿಸಬೇಕು. 2024ರ ಜನವರಿ 2ರಂದು ಟೋಕಿಯೊದ ಹಾನೆಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇಯಲ್ಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಆ ಚಿಕ್ಕ ವಿಮಾನದಲ್ಲಿದ್ದ ಐವರು ಸತ್ತರು. ದೊಡ್ಡದರಲ್ಲಿದ್ದ 379 ಮಂದಿಯೂ ಜೀವಂತ ಹೊರಬಂದರು. ಹೊಗೆ ತುಂಬಿದ ಕ್ಯಾಬಿನ್‌ನಲ್ಲಿ ಸಿಬ್ಬಂದಿ ಹೇಳಿದ್ದನ್ನು ಜನ ಕೇಳಿದರು. ಚೀಲ ಬಿಟ್ಟು ಬನ್ನಿ ಎಂದರೆ ಬಿಟ್ಟು ಬಂದರು. ಆ ಸಾಲಿನ ನಡುವೆ ಕಾಲು ನೆಟ್ಟಗೆ ನಿಲ್ಲದ ಹತ್ತು ಜನರನ್ನು ನಿಲ್ಲಿಸಿ ಊಹಿಸಿಕೊಳ್ಳಿ.

ಪೈಲಟ್ ಕುಡಿದು ಕನಿಷ್ಠ 8 ಗಂಟೆ ಕಳೆಯದೆ ಹಾರಿಸುವಂತಿಲ್ಲ ಎಂದು ಅಮೆರಿಕದ ನಿಯಮ ಹೇಳುತ್ತದೆ. ಹಲವು ಸಂಸ್ಥೆಗಳು ಇದಕ್ಕಿಂತ ಬಿಗಿಯಾಗಿವೆ. ಅದೇ ಅಮೆರಿಕದ ಇನ್ನೊಂದು ನಿಯಮ ಪ್ರಯಾಣಿಕರದು: ಸಂಸ್ಥೆ ಸುರಿದುಕೊಟ್ಟ ಮದ್ಯವನ್ನಲ್ಲದೆ ಬೇರೆ ಮದ್ಯವನ್ನು ವಿಮಾನದಲ್ಲಿ ಕುಡಿಯುವಂತಿಲ್ಲ, ಅಮಲೇರಿದಂತೆ ಕಾಣುವವರಿಗೆ ಕೊಡುವಂತಿಲ್ಲ, ಅಂಥವರನ್ನು ಹತ್ತಿಸಿಕೊಳ್ಳುವಂತೆಯೂ ಇಲ್ಲ. ಕಾಗದದ ಮೇಲೆ ಚೊಕ್ಕವಾಗಿದೆ. ಆದರೆ "ಅಮಲೇರಿದಂತೆ ಕಾಣುವುದು" ಯಾವಾಗ ಎಂದು ತೀರ್ಮಾನಿಸಬೇಕಾದವರು ಯಾರು? ಈಗಷ್ಟೇ ಎರಡನೆಯ ಲೋಟ ಸುರಿದುಕೊಟ್ಟವರೇ! ಕೊಡುವುದೂ ಅವರದೇ ಕೆಲಸ, ತಡೆಯುವುದೂ ಅವರದೇ ಕೆಲಸ. ಕೊಡದಿದ್ದರೆ ಗ್ರಾಹಕರ ದೂರು, ಕೊಟ್ಟರೆ ಗಲಾಟೆ. ಕೆಲವು ಸಂಸ್ಥೆಗಳಲ್ಲಿ ವಿಮಾನದೊಳಗಿನ ಮಾರಾಟದ ಮೇಲೆ ಸಿಬ್ಬಂದಿಗೆ ಕಮಿಷನ್ ಕೂಡ ಇದೆ. ಬಡಿಸುವ ಕೈಗೂ ತಡೆಯುವ ಕೈಗೂ ಹೀಗೆ ಗಂಟು ಹಾಕಿರುವುದೇ ನನ್ನ ಮುಖ್ಯ ತಕರಾರು. ನೆಲದ ಮೇಲಿನ ಬಾರಿನಲ್ಲಿ ಮಿತಿ ಮೀರಿದವರನ್ನು ಹೊರಗೆ ಕಳಿಸಬಹುದು. ಇಲ್ಲಿ ಹೊರಗೆ ಎಂಬುದೇ ಇಲ್ಲ. ಇರುವ ದಾರಿ ಒಂದೇ, ಇಡೀ ವಿಮಾನವನ್ನು ಬೇರೆ ನಿಲ್ದಾಣಕ್ಕೆ ತಿರುಗಿಸುವುದು. ಒಬ್ಬರಿಗಾಗಿ ಇನ್ನೂರು ಮುನ್ನೂರು ಜನರ ಮುಂದಿನ ವಿಮಾನ ತಪ್ಪುತ್ತದೆ.

ಇಳಿಸಿದ ಮೇಲಾದರೂ ಶಿಕ್ಷೆಯಾಗುತ್ತದೆಯೇ? 1963ರ ಟೋಕಿಯೊ ಒಪ್ಪಂದದ ಪ್ರಕಾರ ವಿಮಾನದೊಳಗಿನ ಅಪರಾಧದ ವಿಚಾರಣೆಯ ಅಧಿಕಾರ ಮೂಲತಃ ಆ ವಿಮಾನ ನೋಂದಣಿಯಾದ ದೇಶದ್ದು. ಇಳಿದ ದೇಶದ ಪೊಲೀಸರು ಹೆಸರು ಬರೆದುಕೊಂಡು ಬಿಟ್ಟುಕಳಿಸಿದ ಪ್ರಸಂಗಗಳು ಲೆಕ್ಕವಿಲ್ಲದಷ್ಟು. ಇದನ್ನು ಸರಿಪಡಿಸಲು 2014ರಲ್ಲಿ ಮಾಂಟ್ರಿಯಲ್‌ನಲ್ಲಿ ಒಂದು ತಿದ್ದುಪಡಿಯಾಯಿತು, 2020ರ ಜನವರಿಯಲ್ಲಿ ಜಾರಿಗೂ ಬಂತು. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ.

ಹಾಗಾದರೆ ಪೂರ್ತಿ ನಿಲ್ಲಿಸಿಬಿಡಿ ಎನ್ನುತ್ತೀರಿ. ನಿಲ್ಲಿಸಿದವರಿದ್ದಾರೆ. ಸೌದಿಯಾ, ಕುವೈತ್ ಏರ್‌ವೇಸ್, ರಾಯಲ್ ಬ್ರೂನೈ ಯಾವ ದೂರದ ಹಾರಾಟದಲ್ಲೂ ಮದ್ಯ ಕೊಡುವುದಿಲ್ಲ. ಭಾರತದ ಒಳನಾಡಿನ ಹಾರಾಟಗಳಲ್ಲೂ ಕೊಡುವುದಿಲ್ಲ. ಮದ್ಯವಿಲ್ಲದೆ ವಿಮಾನ ಹಾರುತ್ತದೆ, ಜನ ಟಿಕೆಟ್ ಕೊಳ್ಳುತ್ತಾರೆ. ಅದರಲ್ಲಿ ಅನುಮಾನವಿಲ್ಲ.

ಆದರೆ 2021ರ ಅಮೆರಿಕ ನೋಡಿ. ಆ ವರ್ಷ ಅಮೆರಿಕನ್ ಏರ್‌ಲೈನ್ಸ್ ತನ್ನ ಸಾಮಾನ್ಯ ದರ್ಜೆಯಲ್ಲಿ, ಸೌತ್‌ವೆಸ್ಟ್ ತನ್ನ ವಿಮಾನಗಳಲ್ಲಿ ಮದ್ಯ ಕೊಡುವುದನ್ನು ನಿಲ್ಲಿಸಿಯೇ ಇದ್ದವು. ಅದೇ ವರ್ಷ ಅಶಿಸ್ತಿನ ಪ್ರಯಾಣಿಕರ ಬಗ್ಗೆ ಅಲ್ಲಿನ ವಿಮಾನಯಾನ ಆಡಳಿತಕ್ಕೆ ಬಂದ ದೂರುಗಳು 6,000ದ ಹತ್ತಿರ! ಹೆಚ್ಚಿನವು ಮುಖಗವಸಿನ ಜಗಳಗಳು, ನಿಜ. ಆದರೂ ಆ ಆಗಸ್ಟ್‌ನಲ್ಲಿ ಆಡಳಿತದ ಮುಖ್ಯಸ್ಥರು ನಿಲ್ದಾಣಗಳಿಗೆ ಬರೆದ ಪತ್ರದಲ್ಲಿ ಕೇಳಿಕೊಂಡದ್ದೇನು ಗೊತ್ತೇ? ನಿಲ್ದಾಣದ ಬಾರುಗಳು ಕಟ್ಟಿಕೊಡುವ ಲೋಟಗಳ ಮೇಲೆ ಕಣ್ಣಿಡಿ, ಜನ ಅವನ್ನು ಹಿಡಿದುಕೊಂಡೇ ವಿಮಾನ ಹತ್ತುತ್ತಿದ್ದಾರೆ ಎಂದು. ಇಂಗ್ಲೆಂಡಿನಲ್ಲಂತೂ ಭದ್ರತಾ ತಪಾಸಣೆ ದಾಟಿದ ಮೇಲಿನ ಬಾರುಗಳಿಗೆ ದೇಶದ ಮದ್ಯ ಪರವಾನಗಿ ಕಾನೂನೇ ಅನ್ವಯಿಸುವುದಿಲ್ಲ. ಬೆಳಗಿನ ಜಾವಕ್ಕೇ ಬಿಯರ್ ಸಿಗುತ್ತದೆ. ವಿಮಾನ ಮೂರು ಗಂಟೆ ತಡ ಎಂದು ಫಲಕದಲ್ಲಿ ಬಂತೆಂದರೆ ಮುಂದಿನದನ್ನು ನಾನು ಹೇಳಬೇಕಿಲ್ಲ. 2024ರಲ್ಲಿ ರಯಾನ್‌ಏರ್ ಮುಖ್ಯಸ್ಥ ಮೈಕಲ್ ಓಲಿಯರಿ ನಿಲ್ದಾಣದಲ್ಲಿ ಒಬ್ಬರಿಗೆ ಎರಡೇ ಲೋಟ ಎಂಬ ಮಿತಿ ಬೇಕೆಂದರು. ಒಳ್ಳೆಯ ಸಲಹೆ. ತಮ್ಮದೇ ವಿಮಾನಗಳಲ್ಲಿ ಮದ್ಯ ಮಾರಿಕೊಂಡೇ ಅದನ್ನು ಹೇಳಿದರು ಎಂಬುದನ್ನು ಮಾತ್ರ ನಾನು ಮರೆಯುವುದಿಲ್ಲ.

ಆದ್ದರಿಂದ ಟ್ರಾಲಿಗೆ ಬೀಗ ಹಾಕಿದರೆ ಸಾಕಾಗುವುದಿಲ್ಲ. ಒಳಗೆ ಸಿಗುವುದಿಲ್ಲ ಎಂದು ಗೊತ್ತಾದವರು ಹತ್ತುವ ಮುನ್ನವೇ ಗಟಗಟನೆ ಇಳಿಸಿ ಬರುತ್ತಾರೆ, ಇಲ್ಲವೇ ಸುಂಕಮುಕ್ತ ಅಂಗಡಿಯ ಚೀಲವನ್ನು ಶೌಚಾಲಯದಲ್ಲಿ ಬಿಚ್ಚುತ್ತಾರೆ. ಇನ್ನೊಂದು ಗುಂಪೂ ಇದೆ, ಅವರ ಬಗ್ಗೆ ನನಗೆ ಕನಿಕರವಿದೆ. ಹಾರಾಟದ ಭಯದಿಂದ ಕುಡಿಯುವವರು. ವಿಮಾನ ಒಮ್ಮೆ ನಡುಗಿದರೆ ಸೀಟಿನ ಕೈ ಹಿಡಿದು ಬೆರಳು ಬಿಳಿಚಿಕೊಳ್ಳುತ್ತವೆ. ಅವರಿಗೆ ಒಂದು ಲೋಟ ವೈನ್ ಚಟವಲ್ಲ, ಆಸರೆ. ಅದರ ಮೇಲೆ ನಿದ್ದೆಮಾತ್ರೆಯನ್ನೂ ನುಂಗುವವರು ಇವರಲ್ಲೇ ಹೆಚ್ಚು ಎಂಬುದು ನನ್ನ ಅನುಮಾನ. ಆ ಜೋಡಿ ಅಪಾಯಕಾರಿ, ಯಾವ ವೈದ್ಯರನ್ನು ಬೇಕಾದರೂ ಕೇಳಿ.

ನಾನು ಕೇಳುವುದು ಇಷ್ಟು. ಎರಡು ಮೂರು ಗಂಟೆಯ ಹಾರಾಟದಲ್ಲಿ ಮದ್ಯವೇ ಬೇಡ; ಅಷ್ಟು ಹೊತ್ತು ಯಾರಿಗೂ ಗಂಟಲು ಒಣಗುವುದಿಲ್ಲ, ಒಣಗಿದರೆ ನೀರಿದೆ. ದೂರದ ಹಾರಾಟದಲ್ಲಿ ಊಟದ ಜೊತೆ ಒಂದು, ಹೆಚ್ಚೆಂದರೆ ಎರಡು, ಅದೂ ವೈನ್ ಅಥವಾ ಬಿಯರ್. ದೀಪ ಆರಿಸಿದ ಮೇಲೆ ಯಾರಿಗೂ ಇಲ್ಲ. ಈ ಲೆಕ್ಕ ಟಿಕೆಟ್ ಕೊಳ್ಳುವಾಗಲೇ ಎಲ್ಲರಿಗೂ ತಿಳಿದಿರಬೇಕು. ಆಗ ಸಿಬ್ಬಂದಿ ಯಾರ ಮುಖವನ್ನೂ ನೋಡಿ ತೀರ್ಮಾನಿಸಬೇಕಿಲ್ಲ, "ಮುಗಿದಿದೆ" ಎಂದು ಸುಳ್ಳು ಹೇಳಬೇಕಿಲ್ಲ. ಮದ್ಯದ ಮಾರಾಟಕ್ಕೆ ಕಮಿಷನ್ ಕೊಡುವುದು ನಿಲ್ಲಬೇಕು. ಗೇಟಿನಲ್ಲಿ ತೂರಾಡುವವರನ್ನು ಹತ್ತಿಸಿಕೊಳ್ಳದೆ ಬಿಟ್ಟ ಸಿಬ್ಬಂದಿಯ ಬೆನ್ನಿಗೆ ಸಂಸ್ಥೆ ನಿಲ್ಲಬೇಕು, ವಿಮಾನ ಹತ್ತು ನಿಮಿಷ ತಡವಾದರೂ ಸರಿ.

ಈಗ ಪರದೆ ಸರಿಸಿ ಮುಂದಿನ ಕ್ಯಾಬಿನ್ ನೋಡಿ. ಶಿಸ್ತಿನ ಮಾತೆಲ್ಲ ಹಿಂದಿನ ಸಾಲುಗಳಿಗೆ. ಮುಂದೆ ದುಬಾರಿ ಸೀಟುಗಳಲ್ಲಿ ಕುಳಿತವರಿಗೆ, ವಿಮಾನದ ಬಾಗಿಲು ಇನ್ನೂ ಮುಚ್ಚಿರುವುದಿಲ್ಲ, ತಟ್ಟೆಯಲ್ಲಿ ಶಾಂಪೇನ್ ಬಂದಿರುತ್ತದೆ. ಏರುವ ಮತ್ತು ಇಳಿಯುವ ಹೊತ್ತೇ ಹೆಚ್ಚು ಅಪಾಯದ್ದು ಎಂದು ಗೊತ್ತಿದ್ದೂ, ಕುರ್ಚಿ ನೆಟ್ಟಗೆ ಮಾಡಿ, ಕಿಟಕಿ ತೆರೆಯಿರಿ ಎಂದು ಹೇಳುವ ಅದೇ ಸಿಬ್ಬಂದಿಯ ಕೈಯಿಂದ! ಈ ಲೋಟ ನಿಲ್ಲಿಸಲು ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಬೇಕಿಲ್ಲ, ಸಂಸ್ಥೆಗಳು ಮುಂದಿನ ಮೆನು ಮುದ್ರಿಸುವಾಗ ಆ ಒಂದು ಸಾಲನ್ನು ತೆಗೆದುಹಾಕಿದರೆ ಆಯಿತು.