ಮೊದಲು ಕಾಟಾ, ಆಮೇಲೆ ಆ್ಯಪ್

2025ರ ಜನವರಿ. ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ನಮ್ಮೂರಲ್ಲಿ ಮಾಮಾನ ತೊಗರಿ ರಾಶಿ ಮುಗಿದಿತ್ತು. ಎಲ್ಲ ಸೇರಿ ಒಂಬತ್ತು ಕ್ವಿಂಟಲ್. ಚೀಲಗಳನ್ನು ಪಡಸಾಲೆಯಲ್ಲಿ ಒಟ್ಟಿ, ಮೇಲೆ ತಾಡಪತ್ರಿ ಹೊದಿಸಿದ್ದರು. ರೈತರ ಮಾಲನ್ನು ದಲಾಲಿ ಇಲ್ಲದೆ ನೇರ ಖರೀದಿದಾರರಿಗೆ ಮಾರಿಸುವ ಆ್ಯಪ್ ಒಂದು ನನ್ನ ಫೋನಿನಲ್ಲಿತ್ತು. ನಾನು ಫೋನ್ ಹಿಡಕೊಂಡು ಹೋಗಿ, "ಮಾಮಾ, ಈ ಆ್ಯಪ್‌ನ್ಯಾಗ ಗಂಜಿನಕಿಂತ ಮುನ್ನೂರು ಜಾಸ್ತಿ ಅದ" ಅಂದೆ. ಗಂಜ್ ಅಂದರೆ ನಮ್ಮ ಕಡೆ ಕಾಳುಕಡಿಯ ಮಾರುಕಟ್ಟೆ. ಮಾಮಾ ಫೋನ್ ಕಡೆ ನೋಡಲೇ ಇಲ್ಲ. "ತೂಕ ಯಾರ ಕಾಟಾದಾಗ ಮಾಡ್ತಾರ? ರೊಕ್ಕ ಯಾವಾಗ ಕೊಡ್ತಾರ? ಅದನ್ನ ಕೇಳು ತಮ್ಮಾ" ಅಂದರು.

ಆ ಎರಡು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಹಟ ಮಾಡಿ ಮಾಲು ಹಾಕಿಸಿದೆ. ಮೂರನೇ ದಿನ ಒಬ್ಬ ಖರೀದಿದಾರ ಪಿಕಪ್ ತಂದ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದ, ಒಂದು ಕಾಳು ಹಲ್ಲಲ್ಲಿ ಕಡಿದ, "ಹಸಿ ಅದ" ಅಂದ. ಅಷ್ಟಕ್ಕೇ ಕ್ವಿಂಟಲ್‌ಗೆ 400 ಇಳಿಯಿತು. ತೇವಾಂಶ ಅಳೆಯುವ ಯಂತ್ರ ಅವನ ಹತ್ತಿರ ಇರಲಿಲ್ಲ, ನಮ್ಮ ಹತ್ತಿರವೂ ಇರಲಿಲ್ಲ. ಅವನ ಹಲ್ಲೇ ಯಂತ್ರ. ಮೇಲಿಂದ, ಇಷ್ಟು ಸಣ್ಣ ಮಾಲಿಗೆ ಗಾಡಿ ಬಾಡಿಗೆ ಗಿಟ್ಟಲ್ಲ, ಅದನ್ನೂ ಹಿಡಿಯಬೇಕು ಅಂದ. ಮಾಮಾ ಕೈ ಮುಗಿದು ವಾಪಸ್ ಕಳಿಸಿದರು.

ಸಣ್ಣ ಮಾಲು ಯಾಕೆ ಅಂದರೆ, ಮಾರಲು ಹಾಕಿದ್ದು ನಾಲ್ಕೇ ಕ್ವಿಂಟಲ್. ಉಳಿದ ಐದು ಗಂಜಿನ ಸಾವಕಾರರಿಗೆ ಮೊದಲೇ ಮಾತಾಗಿತ್ತು. ಜೂನ್‌ನಲ್ಲಿ ಬೀಜ, ಗೊಬ್ಬರಕ್ಕೆ ರೊಕ್ಕ ಕೊಟ್ಟವರು ಅವರು. ಅತ್ತೆಯ ಆಪರೇಷನ್ ಇದ್ದಾಗ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದರೂ ಕಳಿಸಿದವರು ಅವರೇ. ಬಡ್ಡಿ ಜಾಸ್ತಿ, ಖರೆ. ಮಾಲು ಅವರ ಅಡತಿ (ದಲಾಲಿ) ಅಂಗಡಿಗೇ ಹೋಗಬೇಕು, ಅದೂ ಖರೆ. ಆದರೆ "ದಲಾಲಿ ಇಲ್ಲದೆ ಮಾರಿ" ಅಂತ ಜಾಹೀರಾತು ಮಾಡುವವರು ಜೂನ್ ತಿಂಗಳಲ್ಲಿ ನಮ್ಮೂರಿಗೆ ಒಮ್ಮೆ ಬರಬೇಕು. ಆಗ ಗೊತ್ತಾಗುತ್ತದೆ, ಜನವರಿಯ ವ್ಯಾಪಾರ ಜೂನ್‌ನಲ್ಲೇ ಮುಗಿದಿರುತ್ತದೆ ಅಂತ.

ಹಾಗಂತ ಆ್ಯಪ್ ಬೇಡ ಅನ್ನುತ್ತಿಲ್ಲ. ಕಲಬುರಗಿಗೆ ಇದೇನು ಹೊಸದಲ್ಲ. ಕರ್ನಾಟಕದ ಎಪಿಎಂಸಿಗಳಲ್ಲಿ, ಅಂದರೆ ಸರ್ಕಾರಿ ಕೃಷಿ ಮಾರುಕಟ್ಟೆಗಳಲ್ಲಿ, 2014ರ ಹೊತ್ತಿಗೇ ಆನ್‌ಲೈನ್ ಟೆಂಡರ್ ಬಂದಿತ್ತು. ಕೇಂದ್ರದ ಆನ್‌ಲೈನ್ ಮಾರುಕಟ್ಟೆ ಇ-ನಾಮ್ ಬಂದದ್ದು ಆಮೇಲೆ, 2016ರ ಏಪ್ರಿಲ್ 14ಕ್ಕೆ. ಟೆಂಡರಿನಲ್ಲಿ ಒಂದು ಲಾಟಿಗೆ, ಅಂದರೆ ಒಟ್ಟಿಗೆ ಮಾರಲು ಇಟ್ಟ ಮಾಲಿಗೆ, ನಾಲ್ಕಾರು ಜನ ರೇಟ್ ಹಾಕುತ್ತಾರೆ. ಮನಸ್ಸಿಗೆ ಬರದಿದ್ದರೆ ರೈತ ಕೊಡಲ್ಲ ಅನ್ನಬಹುದು. ಮನೆ ಬಾಗಿಲಿಗೆ ಒಬ್ಬನೇ ಬಂದು ನಿಂತಾಗ ಆ ಧೈರ್ಯ ಎಲ್ಲಿಂದ ಬರಬೇಕು? ಗಾಡಿ ಖಾಲಿ ಹೋಗುತ್ತೆ, ನಾಳೆ ಮತ್ತೆ ಯಾರೂ ಬರಲ್ಲ ಅನ್ನೋ ಭಯ ಇರುತ್ತೆ, ಅಲ್ವಾ?

ಇನ್ನೊಂದು ಮಾತು. ಟೊಮೆಟೊ, ಸೊಪ್ಪಿಗೆ ಮಾಡಿದ ಆ್ಯಪನ್ನು ಹಾಗೇ ತಂದು ತೊಗರಿಗೆ ಹಚ್ಚಿದರೆ ನಡೆಯಲ್ಲ. ಬೆಂಗಳೂರಿನ ಮನೆಯವರು ತೊಗರಿ ಕೊಳ್ಳುವುದಿಲ್ಲ, ಬೇಳೆ ಕೊಳ್ಳುತ್ತಾರೆ. ನಡುವೆ ದಾಲ್ ಮಿಲ್ ಇದೆ. ನೂರು ಕಿಲೋ ಕಾಳು ಒಡೆಸಿದರೆ ಸುಮಾರು ಎಪ್ಪತ್ತು ಕಿಲೋ ಬೇಳೆ ಸಿಗುತ್ತದೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನ ಮಾಲು ಅನ್ನೋ ಸರ್ಕಾರಿ ಗುರುತು, ಸಿಕ್ಕಿತು. ಹೆಮ್ಮೆಯ ವಿಷಯವೇ. ಆದರೆ ಆ ಹೆಸರಿನ ಬೆಲೆ ಬೇಳೆ ಪಾಕೀಟಿನ ಮೇಲೆ ಕೂಡುತ್ತದೆ, ಮಾಮಾನ ಚೀಲದ ಮೇಲಲ್ಲ. ಅವರು ಇವತ್ತಿಗೂ ಬರೀ ಕಾಳು ಮಾರುತ್ತಾರೆ.

ಧಾರಣೆಯ ಮಾತೂ ಇದೆ. 2024ರಲ್ಲಿ ಕ್ವಿಂಟಲ್‌ಗೆ 10,000 ದಾಟಿದ್ದ ತೊಗರಿ ಮರು ವರ್ಷ ರಾಶಿ ಹೊತ್ತಿಗೆ 7,550ರ ಬೆಂಬಲ ಬೆಲೆಯ ಹತ್ತಿರ ಬಂದು ನಿಂತಿತು. ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ಸುಂಕವಿಲ್ಲದೆ ತೊಗರಿ ಬರುತ್ತಿದ್ದ ಕಾಲ ಅದು. ಇಳಿದ ಧಾರಣೆಯನ್ನು ಆ್ಯಪ್ ತೋರಿಸಬಹುದು, ಎತ್ತಿ ನಿಲ್ಲಿಸಲಿಕ್ಕೆ ಅದರ ಕೈಯಲ್ಲಿ ಆಗಲ್ಲ.

ನಾನು ಕೇಳುವುದು ಇಷ್ಟು. ಆ್ಯಪ್ ಮಾಡುವವರು ಒಂಬತ್ತು ಕ್ವಿಂಟಲಿನ ರೈತನನ್ನು ಒಬ್ಬೊಬ್ಬನಾಗಿ ಹುಡುಕಬೇಡಿ. ಊರನ್ನು ಹಿಡಿಯಿರಿ. ಊರಲ್ಲಿ ಎಲ್ಲರೂ ನೋಡುವಂತೆ ಒಂದು ಕಾಟಾ ಇಡಿ, ಒಂದು ತೇವಾಂಶ ಯಂತ್ರ ಇಡಿ. ಹದಿನೈದು ಮನೆಯ ಮಾಲು ಒಂದೇ ಲಾಟ್ ಆಗಲಿ. ಆಗ ಪಿಕಪ್ ಅಲ್ಲ, ಲಾರಿ ಬರುತ್ತದೆ, ಇಬ್ಬರು ಮೂವರು ಖರೀದಿದಾರರು ಬರುತ್ತಾರೆ. ಗಾಡಿ ಊರು ಬಿಡುವ ಮೊದಲೇ ರೊಕ್ಕ ಖಾತೆಗೆ ಬೀಳಲಿ. ರೈತ ಉತ್ಪಾದಕ ಕಂಪನಿಗಳು ನಮ್ಮ ಜಿಲ್ಲೆಯಲ್ಲೂ ಇವೆ. ಬಿತ್ತಿಗೆಗೆ ಮುಂಗಡ ಕೊಡುವ ಶಕ್ತಿ ಅವಕ್ಕೆ ಬಂದರೆ, ಮಾಮಾ ಜೂನ್‌ನಲ್ಲಿ ಸಾವಕಾರರ ಅಂಗಡಿ ಮೆಟ್ಟಿಲು ಹತ್ತಬೇಕಿಲ್ಲ. ಆಮೇಲೆ ಆ್ಯಪ್‌ನಲ್ಲಿ ಹಸಿರು, ಕೆಂಪು ಬಟನ್ ಎಲ್ಲಿರಬೇಕು ಅಂತ ಕೂತು ಮಾತಾಡೋಣ. ಕನ್ನಡದಲ್ಲಿರಲಿ, ಸಾಕು.

ನಮ್ಮೂರಲ್ಲಿ ಹನ್ನೊಂದು ಮನೆಯವರು ಒಪ್ಪಿದ್ದಾರೆ. ಎಲ್ಲರೂ ರೊಕ್ಕ ಕೂಡಿಸಿ ತೇವಾಂಶ ಯಂತ್ರ ತಂದಿದ್ದೇವೆ. ಅದು ಈಗ ಮಾಮಾನ ಪಡಸಾಲೆಯ ಗೂಡಿನಲ್ಲಿದೆ. ಮೊನ್ನೆ ಅವರು ಬಿತ್ತಲಿಕ್ಕೆ ಎತ್ತಿಟ್ಟ ಬೀಜವನ್ನೇ ಅದರಲ್ಲಿ ಹಾಕಿ ನೋಡಿದರು. ಯಂತ್ರ ತೋರಿಸಿದ ಅಂಕಿಯನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದಿಟ್ಟಿದ್ದಾರೆ.