ಡಿ ಡ್ರೈವ್ ಎಲ್ಲಿ ಹೋಯ್ತು?

ಕೇಳುಗರೆ, ನಮಸ್ಕಾರ.

ಕಾಫಿ ಕೊಯ್ಲಿನ ಸಮಯ. ಸಿದ್ದಾಪುರ ಕಡೆಯ ತೋಟವೊಂದರ ರೈಟರ್, ಅಂದರೆ ಲೆಕ್ಕ ಬರೆಯುವವರು, ಒಂದು ಸಂಜೆ ಮಡಿಕೇರಿಯ ನನ್ನ ಅಂಗಡಿಗೆ ಬಂದರು. ಕಂಕುಳಲ್ಲಿ ಗೊಬ್ಬರದ ಚೀಲ, ಚೀಲದೊಳಗೆ ಸಿಪಿಯು. "ಡಿ ಡ್ರೈವೇ ಇಲ್ಲ ಸರ್. ಚೆಕ್‌ರೋಲ್ ಪೂರ್ತಿ ಅದರಲ್ಲಿದೆ. ನಾಳೆ ಬಟವಾಡೆ" ಎಂದರು. ಚೆಕ್‌ರೋಲ್ ಅಂದರೆ ಕೆಲಸಗಾರರ ಹಾಜರಿ, ಕೂಲಿಯ ಲೆಕ್ಕ. ಮುಖ ನೋಡಿದರೆ ಪಾಪ ಅನ್ನಿಸಿತು.

ಹಿಂದಿನ ರಾತ್ರಿ ಅವರು ವಿಂಡೋಸ್ 10 ತೆಗೆದು 11ಕ್ಕೆ ಅಪ್‌ಗ್ರೇಡ್ ಮಾಡಿದ್ದರು. 2025ರ ಅಕ್ಟೋಬರ್ 14ಕ್ಕೆ ಹತ್ತರ ಸಪೋರ್ಟ್ ಮುಗಿಯಿತಲ್ಲ, ಆಮೇಲೆ ಈ ತರಹದ ಕೇಸು ನನಗೆ ಜಾಸ್ತಿ ಬರುತ್ತಿವೆ.

ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಏನಾದರೂ ಕೇಳಿದಾಗ ಓಕೆ ಒತ್ತಿದಿರಾ?" ಇಲ್ಲ ಅಂದರು. ಅರ್ಧ ಕೆಲಸ ಅಲ್ಲೇ ಮುಗಿಯಿತು. ಡಿಸ್ಕ್ ಓದಲು ಬಾರದಿದ್ದಾಗ ವಿಂಡೋಸ್ "ಫಾರ್ಮ್ಯಾಟ್ ಮಾಡಬೇಕಾ?" ಅಂತ ಕೇಳುತ್ತದೆ. ಕೆಲವೊಮ್ಮೆ "ಇನಿಶಿಯಲೈಸ್ ಮಾಡಿ" ಅನ್ನುತ್ತದೆ. ಅದು ಹೊಸ ಖಾಲಿ ಡಿಸ್ಕ್‌ಗೆ ಕೇಳುವ ಮಾತು. ನಿಮ್ಮ ಹಳೇ ಡಿಸ್ಕ್‌ನಲ್ಲಿ ಲೆಕ್ಕ, ಫೋಟೊ ಇದ್ದರೆ ಕ್ಯಾನ್ಸಲ್ ಒತ್ತಿ ಸುಮ್ನೆ ಕೂತುಬಿಡಿ.

ಆಮೇಲೆ ನೋಡಬೇಕಾದ್ದು ಬಯಾಸ್. ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀ ಒತ್ತುತ್ತಾ ಇದ್ದರೆ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಅದು ತೆರೆಯುತ್ತದೆ. ವಿಂಡೋಸ್ ಎದ್ದೇಳುವ ಮೊದಲಿನ ಪರದೆ ಇದು. ಇಲ್ಲೇ ಡಿಸ್ಕ್‌ನ ಹೆಸರು ಕಾಣದಿದ್ದರೆ ವಿಂಡೋಸ್ ಅನ್ನು ಬೈದು ಪ್ರಯೋಜನ ಇಲ್ಲ. ಕೇಬಲ್ ಸಡಿಲ ಆಗಿರಬಹುದು, ಡಿಸ್ಕೇ ಕೆಟ್ಟಿರಬಹುದು. ನಮ್ಮ ಮಳೆಗಾಲದ ತೇವಕ್ಕೆ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಕೇಬಲ್ ತುದಿಯ ಗತಿ ಕೇಳಬೇಕಾ? ಕರೆಂಟ್ ಪ್ಲಗ್ ಕಿತ್ತು, ಡಿಸ್ಕ್‌ನ ಎರಡೂ ಕೇಬಲ್ (ಡೇಟಾದ್ದು, ಕರೆಂಟಿನದ್ದು) ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರಿಸಿ ನೋಡಿ. ಡಿಸ್ಕ್ ಒಳಗಿಂದ ಟಕ್ ಟಕ್ ಅಂತ ಸದ್ದು ಬಂದರೆ ಮಾತ್ರ ಮತ್ತೆ ಮತ್ತೆ ಆನ್ ಮಾಡಬೇಡಿ. ಡೇಟಾ ತೆಗೆಯಲು ಬಲ್ಲವರ ಕೈಗೆ ಕೊಡಿ.

ರೈಟರ್ ಅವರ ಡಿಸ್ಕ್ ಬಯಾಸ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ವಿಂಡೋಸ್ ಒಳಗೆ ಹೋಗಿ, ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ಇತ್ತು ನೋಡಿ! 'ಹೆಲ್ದಿ' ಅಂತ ಬರೆದುಕೊಂಡು ಆರಾಮಾಗಿ ಕೂತಿತ್ತು. ಆದರೆ ಅದಕ್ಕೆ ಸಿ, ಡಿ ಅನ್ನುವ ತರಹದ ಅಕ್ಷರವೇ ಇರಲಿಲ್ಲ. ಮನೆ ಇದೆ, ಬಾಗಿಲ ಮೇಲೆ ನಂಬರ್ ಇಲ್ಲ. ನಿಮ್ಮ ಡಿಸ್ಕ್‌ಗೆ ಅಲ್ಲಿ 'ಆಫ್‌ಲೈನ್' ಅಂತ ಕಂಡರೆ, ಎಡಗಡೆಯ ಡಿಸ್ಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಆನ್‌ಲೈನ್' ಕೊಟ್ಟರೆ ಸಾಕು.

ನಾನು 'ಚೇಂಜ್ ಡ್ರೈವ್ ಲೆಟರ್' ಒತ್ತಿ 'ಇ' ಅಂತ ಕೊಟ್ಟೆ. ಫೈಲುಗಳೆಲ್ಲ ಬಂದವು. ಇಬ್ಬರೂ ಕಾಫಿ ಕುಡಿದೆವು. ಆಮೇಲೆ ಅವರು ಲೆಕ್ಕದ ಸಾಫ್ಟ್‌ವೇರ್ ತೆರೆದರೆ, ಫೈಲ್ ಸಿಗುತ್ತಿಲ್ಲ ಅನ್ನುತ್ತದೆ! ಆ ಸಾಫ್ಟ್‌ವೇರ್ ಹುಡುಕುವುದು 'ಡಿ'ಯನ್ನೇ. ಆ 'ಡಿ' ಯಾರ ಹತ್ತಿರ ಇತ್ತು ಅಂದರೆ, ವರ್ಷಗಟ್ಟಲೆ ಯಾರೂ ಮುಟ್ಟದ ಡಿವಿಡಿ ಡ್ರೈವ್ ಹತ್ತಿರ. ಅಪ್‌ಗ್ರೇಡ್ ಗಡಿಬಿಡಿಯಲ್ಲಿ ಖಾಲಿ ಕುರ್ಚಿ ಕಂಡು ಅದು ಕೂತುಬಿಟ್ಟಿತ್ತು. ಡಿವಿಡಿಗೆ 'ಜಡ್' ಕೊಟ್ಟು ಓಡಿಸಿದೆ, ಡಿಸ್ಕ್‌ಗೆ 'ಡಿ' ವಾಪಸ್ ಕೊಟ್ಟೆ. ಚೆಕ್‌ರೋಲ್ ತೆರೆದುಕೊಂಡಿತು.

ಎಲ್ಲರದ್ದೂ ಇಷ್ಟು ಸುಲಭ ಅಲ್ಲ. ಲ್ಯಾಪ್‌ಟಾಪ್‌ಗೆ ಹೊಸದಾಗಿ ವಿಂಡೋಸ್ ಹಾಕುವಾಗ 'ಡ್ರೈವ್‌ಗಳೇ ಇಲ್ಲ' ಅಂತ ಬರುವುದುಂಟು. ಇಂಟೆಲ್‌ನ 11ನೇ ಪೀಳಿಗೆ ಮತ್ತು ಆಮೇಲಿನ ಪ್ರೊಸೆಸರ್ ಇರುವವುಗಳಲ್ಲಿ ಇದು ಹೆಚ್ಚು. ಕಾರಣ, ಡಿಸ್ಕ್‌ಗಳನ್ನು ನೋಡಿಕೊಳ್ಳುವ ಇಂಟೆಲ್‌ನ ವಿಎಂಡಿ ಅನ್ನುವ ವ್ಯವಸ್ಥೆ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಸ್ಟೋರೇಜ್ ಡ್ರೈವರ್ (ವಿಂಡೋಸ್‌ಗೆ ಡಿಸ್ಕ್ ಗುರುತಿಸಲು ನೆರವಾಗುವ ಸಾಫ್ಟ್‌ವೇರ್) ಇಳಿಸಿ, ಪೆನ್‌ಡ್ರೈವ್‌ನಲ್ಲಿ ಎಕ್ಸ್‌ಟ್ರಾಕ್ಟ್ ಮಾಡಿಟ್ಟು, 'ಲೋಡ್ ಡ್ರೈವರ್' ಒತ್ತಿ ತೋರಿಸಿದರೆ ಡಿಸ್ಕ್ ಕಾಣುತ್ತದೆ. ಬಯಾಸ್‌ನಲ್ಲಿ ಸ್ಟೋರೇಜ್ ಮೋಡ್ ಬದಲಿಸಿ ಅಂತ ಯಾರೋ ಹೇಳಿದರು ಅಂತ ಅದಕ್ಕೆ ಕೈ ಹಾಕಬೇಡಿ. ಹಾಗೆ ಮಾಡಿ, ಇದ್ದ ವಿಂಡೋಸೂ ಏಳದೆ ಬಂದವರನ್ನು ನೋಡಿದ್ದೇನೆ.

ಇನ್ನು ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ. ಡ್ರೈವ್‌ನ ಮೇಲೆ ಬೀಗದ ಚಿತ್ರ ಕಂಡು, 48 ಅಂಕಿಯ ರಿಕವರಿ ಕೀ ಕೇಳಿದರೆ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ ನೋಡಿ, ಅಲ್ಲಿ ಸೇವ್ ಆಗಿರಬಹುದು. ಎಲ್ಲೂ ಸಿಗಲಿಲ್ಲವೋ, ನನ್ನ ಹತ್ತಿರ ತಂದರೂ ಬೀಗ ತೆಗೆಯಲು ಆಗುವುದಿಲ್ಲ. ಅಪ್‌ಗ್ರೇಡ್ ಮಾಡುವ ಮೊದಲೇ ಆ ಅಂಕಿಗಳನ್ನು ಕಾಗದದಲ್ಲಿ ಬರೆದು, ತೋಟದ ಪತ್ರಗಳ ಜೊತೆ ಇಡಿ. ಲೆಕ್ಕದ ಫೈಲುಗಳ ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲೂ ಇರಲಿ, ಆ ಡಿಸ್ಕನ್ನು ಕಂಪ್ಯೂಟರ್‌ನಿಂದ ಕಿತ್ತಿಟ್ಟಿರಿ.

ಮರುದಿನ ಸಂಜೆ ರೈಟರ್ ಫೋನ್ ಮಾಡಿದರು. ಬಟವಾಡೆ ಆಯ್ತಂತೆ. "ಸರ್, ಆ ಡಿವಿಡಿ ಡ್ರೈವನ್ನ ಕಿತ್ತೇ ಬಿಡ್ಲಾ?" ಅಂತ ಕೇಳಿದರು. ಕೀಳಿ ಅಂದೆ.

ನಮಸ್ಕಾರ.