ಮೊದಲ ನಿಮಿಷದ ಹೊಗೆ

ಎಲ್ಲರಿಗೂ ನಮಸ್ಕಾರ. ಕ್ಯಾಟಲಿಟಿಕ್ ಕನ್ವರ್ಟರ್ ಅಂದರೆ ಕಾರಿನ ಹೊಗೆಕೊಳವೆಯಲ್ಲಿ ಕೂತು ಹೊಗೆಯ ವಿಷ ತೊಲಗಿಸುವ ಡಬ್ಬಿ. ನಾನು ಬಂದಿರುವುದು ಒಂದೇ ಮಾತು ಹೇಳಲು: ಕಾರಿನ ಮೊದಲ ನಿಮಿಷಕ್ಕೆ ಹೆದರಿ.

ನನ್ನ ಹಳೇ ಕಾರಿನ ಕನ್ವರ್ಟರ್ ಒಮ್ಮೆ ಕೆಟ್ಟಿತು. ಮೆಕ್ಯಾನಿಕ್ ಬಿಚ್ಚಿ, ಗ್ರೈಂಡರ್ ಹಿಡಿದು ಕೊಯ್ದು ತೋರಿಸಿದರು. ಒಳಗೆ ಬೂದುಬಣ್ಣದ ಪಿಂಗಾಣಿ ಇಟ್ಟಿಗೆ. ಥೇಟ್ ಜೇನುಹುಟ್ಟು! ಈ ತುದಿಯಿಂದ ಆ ತುದಿಗೆ ಸಣ್ಣ ಚೌಕ ತೂತುಗಳು. ಚದರ ಇಂಚಿಗೆ 400 ತೂತು ಇರುವುದು ಸಾಮಾನ್ಯ. ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಬೆಳಕು ತೂರಿ ಬಂತು, ನಡುವೆ ಬರೀ ಕತ್ತಲೆ. ನಡುಭಾಗ ಕರಗಿ ಗಾಜಿನ ಹಾಗೆ ಮೆತ್ತಿಕೊಂಡಿತ್ತು. ಒಂದು ಪ್ಲಗ್ ಸರಿಯಾಗಿ ಕಿಡಿ ಕೊಡುತ್ತಿರಲಿಲ್ಲ. ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲು ಇಲ್ಲಿ ಬಂದು ಹೊತ್ತಿಕೊಂಡಿತ್ತು. ಎಂಜಿನ್ ಜರ್ಕ್ ಹೊಡೆಯುತ್ತಿದ್ದರೂ ನಾನು ತಿಂಗಳುಗಟ್ಟಲೆ ಹಾಗೇ ಓಡಿಸಿದ್ದೆ. ಮೆಕ್ಯಾನಿಕ್ ಹೇಳಿದರು: ‘ಸಾರ್, ಇದಕ್ಕೆ ಬಿಸಿ ಬೇಕು. ಆದ್ರೆ ಇಷ್ಟು ಬೇಡ.’

ಎಷ್ಟು ಬೇಕು? ಆ ತೂತುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಅನ್ನುವ ಲೋಹಗಳನ್ನು ಸವರಿರುತ್ತಾರೆ. ಚೆನ್ನಾಗಿ ಕಾದ ಮೇಲೆ ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲು, ನೈಟ್ರೋಜನ್ ಆಕ್ಸೈಡ್, ಹೊಗೆಯ ಈ ಮೂರು ವಿಷಗಳಲ್ಲೂ ನೂರಕ್ಕೆ 90ಕ್ಕಿಂತ ಜಾಸ್ತಿ ಪಾಲನ್ನು ಇವು ತೊಲಗಿಸುತ್ತವೆ. ಆದರೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಹೆಚ್ಚೇನೂ ಕೆಲಸ ಆಗುವುದಿಲ್ಲ. ವಿಷ ಬಂದದ್ದು ಬಂದ ಹಾಗೇ ಹೊರಗೆ ಹೋಗುತ್ತದೆ.

ಗಾಯದ ಮೇಲೆ ಬರೆ ಅಂದರೆ ಇದೇ ನೋಡಿ. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದೆ ಎಂಜಿನ್ನಿನ ಒಳಗೋಡೆಗೆ ಅಂಟುತ್ತದೆ. ಅದಕ್ಕೇ ಕಾರಿನೊಳಗಿನ ಕಂಪ್ಯೂಟರ್ ಜಾಸ್ತಿ ಪೆಟ್ರೋಲು ಬಿಡುತ್ತದೆ. ಅಂದರೆ ಹೊಗೆ ಅತಿ ಕೆಟ್ಟದಾಗಿರುವ ಹೊತ್ತಿನಲ್ಲೇ ಅದನ್ನು ತೊಳೆಯುವವನು ಎದ್ದಿರುವುದಿಲ್ಲ. ಪ್ರಯೋಗಶಾಲೆಯಲ್ಲಿ ಹೊಸ ಕಾರನ್ನು 20 ನಿಮಿಷ ಓಡಿಸಿ ಅಳೆದರೂ, ಉರಿಯದ ಪೆಟ್ರೋಲಿನ ದೊಡ್ಡ ಪಾಲು ಬರುವುದು ಮೊದಲ ಒಂದೆರಡು ನಿಮಿಷದಲ್ಲಿ. ನಿಮ್ಮ ಮೂಗಿಗೂ ಗೊತ್ತಾಗುತ್ತದೆ. ಕಾರು ಸ್ಟಾರ್ಟ್ ಆದ ಕೂಡಲೇ ಬರುವ ವಾಸನೆ, ಕಾಲು ಗಂಟೆ ಓಡಿದ ಮೇಲೆ ಇರುತ್ತದಾ? ಪರೀಕ್ಷೆ ಮಾಡುವುದಾದರೆ ಬಯಲಲ್ಲಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಖಂಡಿತ ಬೇಡ, ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

‘ಹಾಗಾದರೆ ನಿಂತಲ್ಲೇ ಹತ್ತು ನಿಮಿಷ ಬಿಸಿ ಮಾಡಿ ಹೊರಡೋಣ ಅಲ್ವಾ?’ ಅಂತ ಎಲ್ಲ ಕಡೆ ಕೇಳುತ್ತಾರೆ. ಬೇಡ. ನಿಂತ ಎಂಜಿನ್ ಕೊಡುವ ಕಾವು ಕಮ್ಮಿ. ಸ್ಟಾರ್ಟ್ ಮಾಡಿ, ಬೆಲ್ಟ್ ಹಾಕಿ, ನಿಧಾನವಾಗಿ ಹೊರಡಿ, ಬೇಗ ಕಾಯುತ್ತದೆ. ಇನ್ನೂ ಒಂದು ಮಾತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಅಂತ ಸಣ್ಣ ಓಡಾಟಕ್ಕೆಲ್ಲ ಕಾರು ತೆಗೆದರೆ, ದಿನಕ್ಕೆ ಮೂರು ಸಲ ಆ ಮೊದಲ ನಿಮಿಷ. ಮೂರೂ ಕೆಲಸ ಒಂದೇ ಸುತ್ತಿನಲ್ಲಿ ಮುಗಿಸಿ. ಅರ್ಧ ಕಿಲೋಮೀಟರಿಗೆ ನಡೆದುಬಿಡಿ.

ಚೀಟಿ ಬಂತು, ಐದು ನಿಮಿಷವಂತೆ. ಎಂಜಿನಿಯರುಗಳು ಸುಮ್ನೆ ಕೂತಿಲ್ಲ. ಕನ್ವರ್ಟರನ್ನು ಎಂಜಿನ್ ಪಕ್ಕಕ್ಕೇ ತಂದಿದ್ದಾರೆ. ಸ್ಟಾರ್ಟ್ ಆದಾಗ ಕಿಡಿಯನ್ನು ಬೇಕಂತಲೇ ತಡ ಮಾಡಿ, ಕಾವೆಲ್ಲ ಹೊಗೆಯ ಜೊತೆ ಅದರೊಳಗೆ ಹೋಗುವಂತೆ ಮಾಡುತ್ತಾರೆ. ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಕಾರಿನಲ್ಲಿ ಎಂಜಿನ್ ನಡುನಡುವೆ ನಿಂತು ಕನ್ವರ್ಟರ್ ಆರಿದರೆ ಏನು ಗತಿ ಅನ್ನುವುದನ್ನೂ ಹೇಳಬೇಕಿತ್ತು, ಹೊತ್ತಿಲ್ಲ.

ಆ ಕರಗಿದ ಇಟ್ಟಿಗೆ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಬೆಳಕಿಗೆ ಹಿಡಿದು ನೋಡಿ. ಮೆಲ್ಲಗೆ ಎತ್ತಿ, ಅಂಚು ಪುಡಿಯಾಗುತ್ತದೆ.